ಜೀನ್ ಟೆಸ್ಟ್ ನಾರ್ಮಲ್ ಇದ್ರೂ ಕೂದಲು ಯಾಕೆ ಉದುರಿತು?

ನಮ್ಮ ಸೋದರತ್ತೆ ಮಗನಿಗೆ ಕ್ರೋನ್ಸ್ (ಕರುಳಲ್ಲಿ ಉರಿಯೂತ ಆಗೋ, ವರ್ಷಗಟ್ಟಲೆ ಕಾಡೋ ಕಾಯಿಲೆ) ಅಂತ ಗೊತ್ತಾಗೋ ಹೊತ್ತಿಗೆ ಅವನು ಆರು ತಿಂಗಳು ಟಿಬಿ ಮಾತ್ರೆ ನುಂಗಿ ಮುಗಿಸಿದ್ದ. ನಮ್ಮ ಕಡೆ ಇದು ಹೊಸದಲ್ಲ ಬಿಡಿ, ಕರುಳಿನ ಟಿಬಿನೂ ಕ್ರೋನ್ಸೂ ಸ್ಕೋಪ್ ಹಾಕಿ ನೋಡಿದ್ರೂ ಅಣ್ಣ-ತಮ್ಮನ ಥರ ಕಾಣ್ತವೆ. ಆಮೇಲೆ ದೇಹದ ರೋಗನಿರೋಧಕ ಶಕ್ತಿನ ತಗ್ಗಿಸೋ ಅಜಾಥಯೋಪ್ರಿನ್ ಮಾತ್ರೆ ಶುರು ಮಾಡಿದ್ರು, ಮೂರನೇ ವಾರಕ್ಕೆ ಬಾಚಣಿಗೆ ತುಂಬ ಕೂದಲು. ಅತ್ತೆ ವಿಜಯನಗರದ ಬೋರ್‌ವೆಲ್ ನೀರಿಗೆ ಶಾಪ ಹಾಕಿದ್ರು (ಬೆಂಗಳೂರಲ್ಲಿ ಕೂದಲು ಉದುರಿದ್ರೆ ಮೊದಲ ಆರೋಪಿ ಅದೇ ತಾನೇ), ಅಷ್ಟರಲ್ಲಿ ಜ್ವರ ಬಂತು, ರಕ್ತ ಟೆಸ್ಟ್ ಮಾಡಿಸಿದ್ರೆ ಬಿಳಿ ರಕ್ತಕಣ ಸಾವಿರಕ್ಕಿಂತ ಕೆಳಗೆ.

ತಮಾಷೆ ಏನಂದ್ರೆ ಮಾತ್ರೆ ಕೊಡೋ ಮುಂಚೆ ಜೀನ್ ಟೆಸ್ಟ್ ಮಾಡಿಸಿದ್ರು, ನಾರ್ಮಲ್ ಬಂದಿತ್ತು. ಲ್ಯಾಬ್‌ನವರದ್ದೇನೂ ತಪ್ಪಿಲ್ಲ, ನೋಡಿದ ಜೀನೇ ಬೇರೆ.

ಕ್ರೋನ್ಸ್‌ಗೆ ಆ ಹೆಸರು ಬಂದಿದ್ದು 1932ರಲ್ಲಿ ನ್ಯೂಯಾರ್ಕಿನ ಬರ್ರಿಲ್ ಕ್ರೋನ್ ಮತ್ತು ಇಬ್ಬರು ಜೊತೆಗಾರರು ಬರೆದ ವರದಿಯಿಂದ. ಒಂದೇ ಮನೇಲಿ ಇಬ್ಬರು ಮೂವರಿಗೆ ಬರೋದು ಆಮೇಲಾಮೇಲೆ ಕಣ್ಣಿಗೆ ಬಿತ್ತು, ಆದ್ರೆ ಯಾವ ಜೀನು ಅಂತ ಹಿಡಿಯೋಕೆ 2001 ಆಗ್ಬೇಕಾಯ್ತು. ಅದು ನಾಡ್2, ಬ್ಯಾಕ್ಟೀರಿಯಾದ ಗೋಡೆಯ ಚೂರು ಸಿಕ್ಕಿದ್ರೆ ಕೂಗಿ ಎಚ್ಚರಿಸೋ ವಾಚ್‌ಮನ್. ಅದರಲ್ಲಿ ದೋಷ ಇರೋ ಪೇಷಂಟುಗಳಲ್ಲಿ ಕಾಯಿಲೆ ಸಣ್ಣ ಕರುಳಿನ ಕೊನೇಲಿ ಕೂರೋದು, ಕರುಳು ಕಿರಿದಾಗೋದು, ಆಪರೇಶನ್ ತನಕ ಹೋಗೋದು ಜಾಸ್ತಿ. ಹಾಗಂತ ಅದೇ ದೋಷ ಹೊತ್ಕೊಂಡು ಜೀವಮಾನ ಪೂರ್ತಿ ಆರಾಮಾಗಿರೋರೇ ಹೆಚ್ಚು. ಇನ್ನೊಂದು ವಿಷ್ಯ, ಯುರೋಪಿನಲ್ಲಿ ಕಂಡ ನಾಡ್2ರ ಮೂರು ಮುಖ್ಯ ದೋಷಗಳು ನಮ್ಮ ಜನರಲ್ಲಿ ಹುಡುಕಿದ್ರೂ ಸಿಗೋದು ಕಷ್ಟ. 2012ರ ಹೊತ್ತಿಗೆ ಕ್ರೋನ್ಸೂ ಅದರ ಹತ್ತಿರದ ನೆಂಟ ಅಲ್ಸರೇಟಿವ್ ಕೊಲೈಟಿಸೂ ಸೇರಿ, ಡಿಎನ್‌ಎಯಲ್ಲಿ ಕಾಯಿಲೆಗೆ ನಂಟಿರೋ ಇಂಥ ಜಾಗಗಳ ಲೆಕ್ಕ 163 ಆಯ್ತು, ಒಂದೊಂದರ ಪಾಲೂ ಚಿಟಿಕೆಯಷ್ಟು, ಹಾಗಾಗಿ "ನನ್ನ ಮಗೂಗೂ ಬರುತ್ತಾ ಡಾಕ್ಟ್ರೇ" ಅನ್ನೋ ಪ್ರಶ್ನೆಗೆ ಜೀನ್ ರಿಪೋರ್ಟ್ ಇವತ್ತಿಗೂ ನೆಟ್ಟಗೆ ಉತ್ತರ ಕೊಡಲ್ಲ. ಎಳೇ ಕೂಸುಗಳಿಗೆ ಬರೋ ಕೆಲವು ಭಯಂಕರ ರೂಪಗಳು ಮಾತ್ರ ಬೇರೆ, ಅಲ್ಲಿ ಒಂದೇ ಜೀನ್ ಕೆಟ್ಟಿರುತ್ತೆ, ಉರಿಯೂತ ತಣಿಸೋ ಐಎಲ್-10 ಅನ್ನೋ ಸಂದೇಶದ ದಾರಿಯದ್ದು 2009ರಲ್ಲಿ ಸಿಕ್ತು, ಅದಕ್ಕೆ ಅಸ್ಥಿಮಜ್ಜೆ ಕಸಿ ಮಾಡ್ತಾರೆ.

ನನ್ನ ಕೇಳಿದ್ರೆ ಜೀನು ನಿಜವಾಗಿ ಕೈಹಿಡಿದಿದ್ದು ಕಾಯಿಲೆ ಯಾರಿಗೆ ಬರುತ್ತೆ ಅಂತ ಹೇಳೋದ್ರಲ್ಲಲ್ಲ, ಯಾವ ಮಾತ್ರೆ ಯಾರಿಗೆ ವಿಷ ಆಗುತ್ತೆ ಅನ್ನೋದ್ರಲ್ಲಿ.

1980ರಲ್ಲಿ ಅಮೆರಿಕದ ರಿಚರ್ಡ್ ವೈನ್‌ಶಿಲ್‌ಬೌಮ್ ಒಂದು ವಿಷಯ ತೋರಿಸಿದ್ರು: ಅಜಾಥಯೋಪ್ರಿನ್ ಥರದ ಔಷಧನ ಅರಗಿಸೋ ಟಿಪಿಎಂಟಿ ಅನ್ನೋ ಕಿಣ್ವ ಸುಮಾರು 300 ಜನರಲ್ಲಿ ಒಬ್ಬರಿಗೆ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, ಅದೂ ಹುಟ್ಟಿನಿಂದಲೇ. ಟಿಪಿಎಂಟಿ ಟೆಸ್ಟ್ ಹುಟ್ಟಿದ್ದು ಹಾಗೆ, ನಮ್ಮ ಹುಡುಗನಿಗೆ ಮಾಡಿದ್ದೂ ಅದೇ. ಆದ್ರೆ ಏಷ್ಯಾದವರಲ್ಲಿ ಟಿಪಿಎಂಟಿ ದೋಷ ಕಮ್ಮಿ, ಬಿಳಿ ರಕ್ತಕಣ ಬೀಳೋದು ಮಾತ್ರ ಜಾಸ್ತಿ, ಈ ಲೆಕ್ಕ ಎಷ್ಟೋ ವರ್ಷ ತಾಳೆನೇ ಆಗ್ಲಿಲ್ಲ. 2014ರಲ್ಲಿ ಕೊರಿಯಾದವರು ಗಂಟು ಬಿಚ್ಚಿದ್ರು. ಎನ್‌ಯುಡಿಟಿ15 ಅನ್ನೋ ಇನ್ನೊಂದು ಜೀನು, ಔಷಧ ಜೀವಕೋಶದ ಡಿಎನ್‌ಎ ಒಳಗೆ ಸೇರ್ಕೊಳ್ಳದಂತೆ ತಡೆಯೋದು ಅದರ ಕೆಲಸ. ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಕೆಟ್ಟ ಪ್ರತಿ ಬಂದಿದ್ರೆ ಮಾಮೂಲಿ ಡೋಸಿಗೇ ಮೊದಲು ಕೂದಲು, ಹಿಂದೆಯೇ ರಕ್ತಕಣ. ಯುರೋಪಿನವರಲ್ಲಿ ಅಪರೂಪ, ನಮ್ಮಲ್ಲಿ ಅಷ್ಟು ಅಪರೂಪ ಅಲ್ಲ. 2018ರಿಂದ ಅಂತರರಾಷ್ಟ್ರೀಯ ಮಾರ್ಗಸೂಚಿಲೂ ಇದಿದೆ, ಒಂದು ಪ್ರತಿ ಕೆಟ್ಟಿದ್ರೆ ಡೋಸ್ ಇಳಿಸಿ ಶುರು ಮಾಡಿ, ಎರಡೂ ಕೆಟ್ಟಿದ್ರೆ ಈ ಮಾತ್ರೆ ಸಹವಾಸವೇ ಬೇಡ ಅಂತ. ನಮ್ಮವನದ್ದು ಎರಡೂ ಕೆಟ್ಟಿತ್ತು.

ಇದೇ ಕಾರಣಕ್ಕೆ ನಮ್ಮ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಮುಂದೆ ನಿಂತು ನಡೆಸಿದ ಜೀನೋಮ್ ಇಂಡಿಯಾ, ಅಂದ್ರೆ 10,000 ಭಾರತೀಯರ ಜೀನ್ ಓದೋ ಕೆಲಸ, ನಂಗೆ ಬರೀ ಪೇಪರ್ ಸುದ್ದಿ ಅನ್ಸಲ್ಲ.

ಈಗ ಅವನಿಗೆ ಎಂಟು ವಾರಕ್ಕೊಂದ್ಸಲ ಇನ್‌ಫ್ಲಿಕ್ಸಿಮ್ಯಾಬ್ ಅನ್ನೋ ಉರಿಯೂತ ತಗ್ಗಿಸೋ ಔಷಧದ ಡ್ರಿಪ್. ಅಲ್ಲೂ ಜೀನು ಬಿಡಲ್ಲ: ಎಚ್‌ಎಲ್‌ಎ-ಡಿಕ್ಯೂಎ1*05 ಅನ್ನೋ ರೋಗನಿರೋಧಕ ಜೀನಿನ ರೂಪ ಇದ್ದವರ ದೇಹ ಔಷಧದ ವಿರುದ್ಧವೇ ಆಂಟಿಬಾಡಿ ತಯಾರಿಸೋದು ಜಾಸ್ತಿ ಅಂತ 2020ರ ಒಂದು ದೊಡ್ಡ ಅಧ್ಯಯನ ಹೇಳ್ತು, ಆಮೇಲೆ ಬಂದ ಕೆಲವು ಅಧ್ಯಯನಗಳಲ್ಲಿ ಅದು ಅಷ್ಟು ಜೋರಾಗಿ ಕಾಣ್ಲಿಲ್ಲ. ಆಂಟಿಬಾಡಿ ಹುಟ್ಟದೇ ಇರ್ಲಿ ಅಂತ ಡ್ರಿಪ್ ಜೊತೆ ಸಾಮಾನ್ಯವಾಗಿ ಕೊಡೋ ಮಾತ್ರೆ ಯಾವುದು ಗೊತ್ತಾ? ಅದೇ ಅಜಾಥಯೋಪ್ರಿನ್. ಇವನಿಗೆ ಆ ಬಾಗಿಲು ಮುಚ್ಚಿದೆ, ಹಾಗಾಗಿ ಆಗಾಗ ಔಷಧದ ಲೆವೆಲ್ ಚೆಕ್ ಮಾಡಿಸ್ತಾನೆ, ಎನ್‌ಯುಡಿಟಿ15 ರಿಪೋರ್ಟ್‌ನ ಝೆರಾಕ್ಸ್ ಮಡಚಿ ಪರ್ಸಲ್ಲಿ ಇಟ್ಕೊಂಡು ಓಡಾಡ್ತಾನೆ.