ಪೋಸ್ಟರಿನಲ್ಲಿ ಹೆಸರಿಲ್ಲದ ಡಬ್ಬಿ

ಜನವರಿಯ ಕೊನೆಯ ವಾರ ಸಾಗರದಿಂದ ಅಕ್ಕನ ಮಗ ಒಂದು ಜಾಹೀರಾತು ಕಳಿಸಿದ. ಗಣರಾಜ್ಯೋತ್ಸವದ ರಿಯಾಯಿತಿಯಲ್ಲಿ ಜೋಡಿಸಿಟ್ಟ ಗೇಮಿಂಗ್ ಡೆಸ್ಕ್‌ಟಾಪ್. ಐ5-12400ಎಫ್ ಪ್ರೊಸೆಸರ್, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್, ಬಣ್ಣ ಬದಲಿಸುವ ಫ್ಯಾನುಗಳು. "ಮಾವ, ಇದನ್ನೇ ತಗೊಳ್ಳಲಾ, ಇಲ್ಲ ಬೆಂಗಳೂರಿಗೆ ಬಂದು ಎಸ್.ಪಿ. ರೋಡಲ್ಲಿ ಒಂದೊಂದೇ ಪಾರ್ಟ್ ತಗೊಂಡು ಜೋಡಿಸಲಾ?" ಅಂತ ಕೇಳಿದ. ನಾನು ಮರಳಿ ಕೇಳಿದ್ದು ಒಂದೇ ಪ್ರಶ್ನೆ: "ಎಸ್‌ಎಂಪಿಎಸ್ ಯಾವುದು?" "ಅದನ್ನ ಬರೆದಿಲ್ಲ" ಅಂದ. ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಇಳಿಸಿ ಕೊಡುವ ಡಬ್ಬಿ, ಅದರ ಪವರ್ ಸಪ್ಲೈ.

ಬರೆಯುವುದೇ ಇಲ್ಲ. ಹೆಸರಿರುವ ಭಾಗಗಳನ್ನು ಪೋಸ್ಟರಿಗೆ ಹಾಕುತ್ತಾರೆ, ಉಳಿತಾಯವನ್ನು ಹೆಸರಿಲ್ಲದ ಭಾಗಗಳಲ್ಲಿ ಮಾಡುತ್ತಾರೆ. ರೆಡಿಮೇಡೋ ಸ್ವಂತ ಜೋಡಣೆಯೋ ಎಂಬ ಲೆಕ್ಕವೆಲ್ಲ ಆ ಹೆಸರಿಲ್ಲದ ಡಬ್ಬಿಯ ಮೇಲೆ ನಿಂತಿದೆ ಎಂದು ನನ್ನ ದೃಢವಾದ ಅಭಿಪ್ರಾಯ.

ಹೆಸರಿರುವ ಭಾಗಗಳಲ್ಲೂ ಎಚ್ಚರ ಬೇಕು, ಅದನ್ನು ಬೇಗ ಮುಗಿಸುತ್ತೇನೆ. 'ಐ7' ಅನ್ನುವುದು ಮನೆತನದ ಹೆಸರಿದ್ದ ಹಾಗೆ, ವಯಸ್ಸು ಹೇಳುವುದಿಲ್ಲ. 2011ರ ಐ7-2600 ಹಾಕಿದ ಯಂತ್ರವನ್ನೂ 'ಐ7 ಗೇಮಿಂಗ್ ಪಿಸಿ' ಎಂದೇ ಮಾರುತ್ತಾರೆ. ಈಚಿನ ತಲೆಮಾರಿನ ಐ3 ಅದನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಆರ್‌ಟಿಎಕ್ಸ್ 3060 ಎಂಬ ಒಂದೇ ಹೆಸರಿನಲ್ಲಿ ಎರಡು ಕಾರ್ಡುಗಳಿವೆ: 12 ಜಿಬಿಯದು ಮೆಮೊರಿಯೊಡನೆ ಸೆಕೆಂಡಿಗೆ 360 ಗಿಗಾಬೈಟ್ ವ್ಯವಹರಿಸಿದರೆ, 8 ಜಿಬಿಯದು 240. ರ‍್ಯಾಮ್ 16 ಜಿಬಿ ಅಂದರೆ 8ರ ಎರಡು ಕಡ್ಡಿಯೋ 16ರ ಒಂದೇ ಕಡ್ಡಿಯೋ ಕೇಳಿ. ಡಿಡಿಆರ್4-3200ರ ಒಂದು ಕಡ್ಡಿ ಸೆಕೆಂಡಿಗೆ 25.6 ಗಿಗಾಬೈಟ್ ಸಾಗಿಸುತ್ತದೆ, ಎರಡಾದರೆ 51.2. ಗೋದಾಮು ಅಷ್ಟೇ ದೊಡ್ಡದು, ಬಾಗಿಲು ಮಾತ್ರ ಎರಡು. ಇಷ್ಟು ಸಾಕು.

ಈಗ ಆ ಡಬ್ಬಿ.

ನಮ್ಮ ಮನೆಗೋಡೆಯಲ್ಲಿ 230 ವೋಲ್ಟ್ ಇದೆ ಅನ್ನುತ್ತೇವೆ. ಅದು ಒಂದು ಬಗೆಯ ಸರಾಸರಿ. ಅಲೆಯ ತುದಿಯಲ್ಲಿ ಅದು 325 ವೋಲ್ಟ್ ಮುಟ್ಟುತ್ತದೆ, ಸೆಕೆಂಡಿಗೆ 50 ಸುತ್ತು. ಕಂಪ್ಯೂಟರಿಗೆ ಬೇಕಾದ್ದು ಅಲುಗಾಡದ 12 ವೋಲ್ಟ್. ವೋಲ್ಟೇಜ್ ಇಳಿಸಲು ಟ್ರಾನ್ಸ್‌ಫಾರ್ಮರ್ ಬೇಕು. ಬದಲಾಗುವ ಕಾಂತಕ್ಷೇತ್ರ ಪಕ್ಕದ ಸುರುಳಿಯಲ್ಲಿ ವಿದ್ಯುತ್ ಹುಟ್ಟಿಸುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದ ತತ್ವವೇ ಅದು. ಆದರೆ 50 ಸುತ್ತಿನ ವಿದ್ಯುತ್ತಿನಲ್ಲಿ 300 ವ್ಯಾಟ್ ಇಳಿಸುವ ಟ್ರಾನ್ಸ್‌ಫಾರ್ಮರ್ ಮೂರು ನಾಲ್ಕು ಕೆಜಿ ತೂಗುತ್ತದೆ. ಹಳೆಯ ಸ್ಟೆಬಿಲೈಸರ್ ಎತ್ತಿದವರಿಗೆ ಆ ಭಾರ ನೆನಪಿರುತ್ತದೆ. ಹಾಗಿದ್ದರೆ ನಿಮ್ಮ ಕ್ಯಾಬಿನೆಟ್ಟಿನೊಳಗಿನದು ಬೆಂಕಿಪೊಟ್ಟಣದಷ್ಟೇ ಇರುವುದು ಹೇಗೆ?

ಬಾವಿಯನ್ನು ನೆನೆಯಿರಿ. ಗಂಟೆಗೆ ಸಾವಿರ ಲೀಟರ್ ನೀರು ಬೇಕು. ನಿಧಾನವಾಗಿ ಸೇದುವವನಿಗೆ ದೊಡ್ಡ ಕೊಡವೇ ಬೇಕು. ಕೈ ಚುರುಕಾಗಿದ್ದರೆ ಚೊಂಬೂ ಸಾಕು. ಟ್ರಾನ್ಸ್‌ಫಾರ್ಮರಿನ ಕಬ್ಬಿಣವೇ ಆ ಪಾತ್ರೆ. ಸೆಕೆಂಡಿಗೆ 50 ಸಲ ಸೇದಿದರೆ 300 ವ್ಯಾಟಿಗೆ ಪ್ರತಿ ಸುತ್ತಿನಲ್ಲಿ 6 ಜೂಲ್ ಹೊರಬೇಕು. ಅದನ್ನೇ 1,00,000 ಸಲ ಸೇದಿದರೆ ಪ್ರತಿ ಸುತ್ತಿಗೆ 3 ಮಿಲಿಜೂಲ್, ಅಂದರೆ ಎರಡು ಸಾವಿರದಲ್ಲಿ ಒಂದು ಪಾಲು. ಬಾವಿಯ ಉಪಮೆ ಹಿಡಿಸದವರು ಇರುವೆಗಳ ಸಾಲು ನೋಡಿ: ಎತ್ತಿನ ಗಾಡಿಯೊಂದು ಒಂದೇ ಸಲ ಹೊರುವುದನ್ನು ಅವು ಅಕ್ಕಿಕಾಳು ಲೆಕ್ಕದಲ್ಲಿ ಎಡೆಬಿಡದೆ ಹೊರುತ್ತವೆ. ಎಸ್‌ಎಂಪಿಎಸ್ ಮಾಡುವುದು ಇಷ್ಟೇ. ಬಂದ ವಿದ್ಯುತ್ತನ್ನು ಮೊದಲು ನೇರವಾಗಿಸಿ, ಟ್ರಾನ್ಸಿಸ್ಟರ್ ಎಂಬ ಕತ್ತಿಯಿಂದ ಸೆಕೆಂಡಿಗೆ ಲಕ್ಷದ ಆಸುಪಾಸು ಸಲ ಕೊಚ್ಚಿ, ಪುಟ್ಟ ಟ್ರಾನ್ಸ್‌ಫಾರ್ಮರಿನಲ್ಲಿ ದಾಟಿಸಿ, ಆಚೆ ದಡದಲ್ಲಿ ಮತ್ತೆ ನಯಗೊಳಿಸುವುದು.

1960ರ ದಶಕದಲ್ಲೇ ಉಪಗ್ರಹಗಳಲ್ಲಿ ಇಂಥ ಸರಬರಾಜು ಇತ್ತು. ಆಕಾಶಕ್ಕೆ ಒಯ್ಯುವಾಗ ಒಂದೊಂದು ಗ್ರಾಮೂ ದುಬಾರಿ. ಹೆಚ್ಚು ವೋಲ್ಟೇಜ್ ತಾಳುವ, ಬೇಗ ಆರಿ ಹೊತ್ತುವ ಟ್ರಾನ್ಸಿಸ್ಟರುಗಳು ಅಗ್ಗವಾದ ಮೇಲೆ ಅದು ಮೇಜಿನ ಮೇಲಕ್ಕೂ ಬಂತು. 1977ರ ಆಪಲ್ 2ಕ್ಕೆ ರಾಡ್ ಹೋಲ್ಟ್ ವಿನ್ಯಾಸಗೊಳಿಸಿದ್ದು ಅಂಥದ್ದೇ. 1981ರ ಆಗಸ್ಟಿನಲ್ಲಿ ಬಂದ ಐಬಿಎಂ ಪಿಸಿಯ ಸಪ್ಲೈ ಬರೀ 63.5 ವ್ಯಾಟಿನದು. ಇವತ್ತು ಒಂದು ಸಾಧಾರಣ ಗ್ರಾಫಿಕ್ಸ್ ಕಾರ್ಡೇ ಅದರ ಎರಡರಷ್ಟು ಕುಡಿಯುತ್ತದೆ.

12 ವೋಲ್ಟ್ ಮದರ್‌ಬೋರ್ಡು ತಲುಪಿದ ಮೇಲೂ ಇಳಿಯುವುದು ಮುಗಿದಿಲ್ಲ. ಪ್ರೊಸೆಸರಿಗೆ ಬೇಕಾದ್ದು ಹೆಚ್ಚುಕಡಿಮೆ 1.2 ವೋಲ್ಟ್. 120 ವ್ಯಾಟ್ ಕೆಲಸವನ್ನು 1.2 ವೋಲ್ಟಿನಲ್ಲಿ ಮಾಡಬೇಕಾದರೆ 100 ಆಂಪಿಯರ್ ಹರಿಯಬೇಕು. 2000 ವ್ಯಾಟಿನ ಸ್ನಾನದ ಗೀಸರ್ ಎಳೆಯುವುದು 9 ಆಂಪಿಯರಿಗೂ ಕಡಿಮೆ! ನಿಮ್ಮ ಉಗುರಿಗಿಂತ ಸ್ವಲ್ಪ ದೊಡ್ಡದಾದ ಸಿಲಿಕಾನ್ ಚೂರಿನೊಳಗೆ ಹನ್ನೊಂದು ಗೀಸರಿನ ಪ್ರವಾಹ ಹೋಗುತ್ತಿದೆ, ನೀವು ಆಟ ಆಡುತ್ತಿದ್ದೀರಿ. ಇದು ನನಗೆ ಎಷ್ಟು ಸಲ ನೆನೆದರೂ ರೋಮಾಂಚನ. ಅದಕ್ಕೇ ಪ್ರೊಸೆಸರಿನ ಸುತ್ತ ಚಿಕ್ಕ ಚಿಕ್ಕ ಸುರುಳಿಗಳ ಸಾಲು ಕಾವಲು ನಿಂತಿರುತ್ತದೆ. ರೆಡಿಮೇಡಿನಲ್ಲಿ ಖರ್ಚು ಕಡಿತಕ್ಕೆ ಸಿಗುವ ಎರಡನೆಯ ಜಾಗವೇ ಆ ಸಾಲು.

ನಮ್ಮ ಮಲೆನಾಡಿಗೆ ಇದೆಲ್ಲಕ್ಕಿಂತ ಮುಖ್ಯವಾದದ್ದು ಕರೆಂಟ್ ಹೋದ ಕ್ಷಣ. ಯುಪಿಎಸ್ ಇದ್ದರೂ ಅದು ಬ್ಯಾಟರಿಗೆ ಹೊರಳಲು ಸಾಮಾನ್ಯವಾಗಿ 4ರಿಂದ 10 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಆ ಹೊತ್ತು ಕಂಪ್ಯೂಟರನ್ನು ಬದುಕಿಸುವುದು ಎಸ್‌ಎಂಪಿಎಸ್ ಒಳಗಿನ ಒಂದು ದಪ್ಪ ಕೆಪಾಸಿಟರ್. ನಲ್ಲಿ ನಿಂತಾಗ ಮನೆಯ ಮೇಲಿನ ಟ್ಯಾಂಕು ಕೈ ಹಿಡಿಯುವ ಹಾಗೆ. 270 ಮೈಕ್ರೋಫ್ಯಾರಡ್ ಕೆಪಾಸಿಟರನ್ನು 390 ವೋಲ್ಟಿಗೆ ತುಂಬಿದರೆ ಅದರಲ್ಲಿ ಸುಮಾರು 20 ಜೂಲ್ ಇರುತ್ತದೆ, ಒಂದು ಲೀಟರ್ ನೀರನ್ನು ಎರಡು ಮೀಟರ್ ಎತ್ತುವಷ್ಟು. ಟ್ಯಾಂಕಿನ ತಳದ ನೀರು ಕೊಳಾಯಿಗೆ ಬಾರದಂತೆ ಇದರಲ್ಲೂ ಅರ್ಧಕ್ಕಿಂತ ಕಡಿಮೆಯೇ ಬಳಕೆಗೆ ಸಿಗುವುದು. ಅಷ್ಟರಿಂದ 300 ವ್ಯಾಟಿನ ಯಂತ್ರ ಹತ್ತಿರ ಹತ್ತಿರ 25 ಮಿಲಿಸೆಕೆಂಡ್ ಉಸಿರು ಹಿಡಿಯಬಲ್ಲದು. ಪಿಸಿ ಭಾಗಗಳ ಅಳತೆ, ವಿದ್ಯುತ್ತಿನ ನಿಯಮಗಳನ್ನು ಗೊತ್ತುಮಾಡುವ ಎಟಿಎಕ್ಸ್ ಮಾನದಂಡ ಕೇಳುವುದು ಸುಮಾರು 16. ಚಿಕ್ಕ ಕೆಪಾಸಿಟರ್ ಹಾಕಿದವನು ಈ ಮಿಲಿಸೆಕೆಂಡುಗಳನ್ನು ಕದ್ದಿರುತ್ತಾನೆ, ಮತ್ತು ಅದು ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ಸೂಕ್ಷ್ಮ. ಅಗ್ಗದ ಸಪ್ಲೈಗಳ ಚೀಟಿಯಲ್ಲಿ 200–240 ವೋಲ್ಟ್ ಎಂದಿರುತ್ತದೆ, ಒಳ್ಳೆಯವುಗಳಲ್ಲಿ 100–240. ಸಂಜೆ ಪಂಪ್‌ಸೆಟ್ಟುಗಳೆಲ್ಲ ಓಡುವ ಊರಿನಲ್ಲಿ ವೋಲ್ಟೇಜ್ 170ಕ್ಕೆ ಇಳಿಯಿತೆನ್ನಿ. ಕೆಪಾಸಿಟರಿನಲ್ಲಿ ಕೂಡಿಡುವ ಶಕ್ತಿ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುವುದರಿಂದ ಸಾದಾ ಸಪ್ಲೈಯ ದಾಸ್ತಾನು ಅರ್ಧದ ಹತ್ತಿರಕ್ಕೆ ಬೀಳುತ್ತದೆ. ಆಕ್ಟಿವ್ ಪಿಎಫ್‌ಸಿ ಎಂಬ ಸರ್ಕ್ಯೂಟ್ ಇರುವ ಸಪ್ಲೈ, ಸಾಮಾನ್ಯವಾಗಿ ಈ 100–240ರದ್ದು, ಒಳಬರುವ ವೋಲ್ಟೇಜ್ ಎಷ್ಟೇ ಇರಲಿ, ಅದನ್ನು ಮೊದಲು 390ರ ಆಸುಪಾಸಿಗೆ ಏರಿಸಿಕೊಂಡೇ ಟ್ಯಾಂಕು ತುಂಬಿಸುತ್ತದೆ. ಸಾಗರದಲ್ಲಿ ಕೊಳ್ಳುವವನಿಗೆ ಈ ಒಂದು ಸಾಲು ಆರು ಬಣ್ಣದ ಫ್ಯಾನುಗಳಿಗಿಂತ ಬೆಲೆಯುಳ್ಳದ್ದು.

ಗ್ರಾಫಿಕ್ಸ್ ಕಾರ್ಡುಗಳ ಹಸಿವೂ ಒಂದೇ ಸಮ ಇರುವುದಿಲ್ಲ. ಮದುವೆ ಊಟದಲ್ಲಿ ಎರಡು ಪಂಕ್ತಿಯವರೂ ಒಟ್ಟಿಗೆ ಸಾರು ಕೇಳಿದ ಹಾಗೆ, ದೃಶ್ಯ ಬದಲಾದ ಕ್ಷಣದಲ್ಲಿ ಅವು ನಮೂದಿಸಿದ ವ್ಯಾಟಿನ ದುಪ್ಪಟ್ಟಿನವರೆಗೂ ಎಳೆದುಬಿಡುತ್ತವೆ, ಮಿಲಿಸೆಕೆಂಡಿನ ಒಂದು ಚೂರು ಹೊತ್ತು. 2020ರ ನಂತರದ ದೊಡ್ಡ ಕಾರ್ಡುಗಳಲ್ಲಿ ಇದು ಎಷ್ಟು ಕಾಡಿತೆಂದರೆ, 2022ರ ಎಟಿಎಕ್ಸ್ 3.0 ಮಾನದಂಡ ದೊಡ್ಡ ಸಪ್ಲೈಗಳು 100 ಮೈಕ್ರೋಸೆಕೆಂಡು ಹೊತ್ತು 200 ಪ್ರತಿಶತ ಭಾರ ತಾಳಬೇಕೆಂದು ಬರೆಯಿತು. ಆಟದ ನಡುವೆ ಯಂತ್ರ ತಟ್ಟನೆ ಆರಿ ಮತ್ತೆ ಹೊತ್ತಿಕೊಂಡರೆ ವಿಂಡೋಸ್ ಮೇಲೆ, ವೈರಸ್ ಮೇಲೆ, ಕೊನೆಗೆ ಕಣ್ಣುದೃಷ್ಟಿಯ ಮೇಲೂ ಗೂಬೆ ಕೂರಿಸುವವರಿದ್ದಾರೆ. ಕಾರಣ ಬಹಳ ಸಲ ಈ ಡಬ್ಬಿಯೇ.

ದೃಷ್ಟಿಯ ಮಾತು ಬಂದಿದ್ದರಿಂದ ಹೇಳಲೇಬೇಕು. ಆಯುಧಪೂಜೆಯ ದಿನ 'ಸಿಪಿಯು' ಅಂತ ನಾವು ಕರೆಯುವ ಆ ಇಡೀ ಪೆಟ್ಟಿಗೆಗೆ ಕುಂಕುಮ, ವಿಭೂತಿ ಹಚ್ಚುತ್ತಾರೆ. ಭಕ್ತಿಗೆ ನನ್ನ ತಕರಾರಿಲ್ಲ. ಆದರೆ ಹಿಂದಿನ ಫ್ಯಾನಿನ ಜಾಲರಿಯ ಮೇಲೆ ದಯವಿಟ್ಟು ಬೇಡ. ಒಳಗೆ ಹೋದ ಪುಡಿ ಹುಡಿಮಣ್ಣಿನ ಜೊತೆ ಸೇರಿ ಪದರ ಕಟ್ಟುತ್ತದೆ, ಗಾಳಿ ನಿಲ್ಲುತ್ತದೆ, ಬಿಸಿ ಏರುತ್ತದೆ. ಈ ಕೆಪಾಸಿಟರುಗಳ ಆಯುಸ್ಸು ಪ್ರತಿ 10 ಡಿಗ್ರಿ ಬಿಸಿಗೆ ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳ ಬಳಕೆಯ ಲೆಕ್ಕ. ಒಳಗಿನ ದ್ರವ ಆರುವುದೇ ಅವುಗಳ ಮುಪ್ಪು.

ಮತ್ತೊಂದು ನಂಬಿಕೆ: 750 ವ್ಯಾಟಿನ ಎಸ್‌ಎಂಪಿಎಸ್ ಹಾಕಿದರೆ 750 ವ್ಯಾಟಿನ ಬಿಲ್ಲು ಬರುತ್ತದೆ. ಹತ್ತು ಲೀಟರಿನ ಪಾತ್ರೆಯಲ್ಲಿ ಒಂದು ಲೀಟರ್ ಹಾಲು ಕಾಯಿಸಿದರೆ ಹತ್ತು ಲೀಟರಿನ ದುಡ್ಡು ಕೊಡುತ್ತೇವೆಯೇ? ಯಂತ್ರ 300 ವ್ಯಾಟ್ ಬೇಡಿದರೆ, 90 ಪ್ರತಿಶತ ದಕ್ಷತೆಯ ಸಪ್ಲೈ ಗೋಡೆಯಿಂದ 333 ಎಳೆಯುತ್ತದೆ, 85ರದ್ದು 353. ದಿನಕ್ಕೆ ಮೂರು ಗಂಟೆ ಆಡಿದರೂ ತಿಂಗಳಿಗೆ ಎರಡು ಯೂನಿಟ್ಟಿನೊಳಗಿನ ವ್ಯತ್ಯಾಸ. '80 ಪ್ಲಸ್' ಚೀಟಿಯ ಬಂಗಾರ, ಕಂಚು ಹೇಳುವುದು ಈ ದಕ್ಷತೆಯನ್ನು ಮಾತ್ರ. ಒಳಗಿನ ರಕ್ಷಣೆ ಹೇಗಿದೆ, ಕೆಪಾಸಿಟರ್ ಎಂಥದ್ದು ಎಂಬುದು ಅದರಲ್ಲಿ ಇಲ್ಲ.

ಇಷ್ಟೆಲ್ಲ ಓದಿ 'ಹಾಗಾದರೆ ಸ್ವಂತ ಜೋಡಣೆಯೇ ಮೇಲು' ಎಂದು ತೀರ್ಮಾನಿಸುವವರಿಗೆ ತಾಳಿ ಎನ್ನುತ್ತೇನೆ. 2021ರಲ್ಲಿ ಕ್ರಿಪ್ಟೋ ಗಣಿಗಾರಿಕೆಯ ಅಬ್ಬರಕ್ಕೆ ಬಿಡಿ ಗ್ರಾಫಿಕ್ಸ್ ಕಾರ್ಡು ನ್ಯಾಯವಾದ ಬೆಲೆಗೆ ಸಿಗುತ್ತಿರಲಿಲ್ಲ. ಕಾರ್ಡು ಬೇಕಾದವರು ಇಡೀ ರೆಡಿಮೇಡ್ ಪಿಸಿಯನ್ನೇ ಕೊಂಡರು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಕ್ರಿಪ್ಟೋ ನಾಣ್ಯ ತನ್ನ ವಿಧಾನ ಬದಲಿಸಿ ಗ್ರಾಫಿಕ್ಸ್ ಕಾರ್ಡುಗಳ ಲೆಕ್ಕಾಚಾರ ಬೇಡವೆಂದ ಮೇಲೆ ಆ ಗಣಿ ಮುಚ್ಚಿತು. 2025ರ ಕೊನೆಯಲ್ಲಿ ಅದೇ ಕಥೆ ರ‍್ಯಾಮಿನದ್ದು: ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿ ಬಿಡಿ ಕಡ್ಡಿಗಳ ಬೆಲೆ ಏರುತ್ತಲೇ ಹೋಯಿತು, ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಗ್ರಾಹಕ ಬ್ರ್ಯಾಂಡ್ ಕ್ರೂಶಿಯಲ್ ನಿಲ್ಲಿಸುವುದಾಗಿ ಘೋಷಿಸಿತು. ಇಂಥ ಕಾಲದಲ್ಲಿ ಹಳೆಯ ದರದ ದಾಸ್ತಾನಿನಿಂದ ಜೋಡಿಸಿದ ಯಂತ್ರ ರಿಯಾಯಿತಿಗೆ ಬಂದರೆ ಅದು ನಿಜಕ್ಕೂ ಅಗ್ಗ. ಮೇಲೆ ವಿಂಡೋಸ್ ಪರವಾನಗಿ, ಇಡೀ ಯಂತ್ರಕ್ಕೆ ಒಂದೇ ವಾರಂಟಿ. ಬಿಡಿಭಾಗಗಳ ಮೊತ್ತಕ್ಕೆ ಇವನ್ನೂ ಕೂಡಿಸಿಯೇ ಹೋಲಿಸಬೇಕು.

ನೋಡಬೇಕಾದ್ದು ಆ ಯಂತ್ರ ಎಟಿಎಕ್ಸ್ ಅಳತೆಯದೇ ಎಂಬುದನ್ನು. ಐಬಿಎಂ 1981ರಲ್ಲಿ ತನ್ನ ಪಿಸಿಯನ್ನು ಮಾರುಕಟ್ಟೆಯಲ್ಲಿ ಸಿಗುವ ಭಾಗಗಳಿಂದ ಜೋಡಿಸಿ, ಒಳಗಿನ ವಿವರಗಳನ್ನು ಕೈಪಿಡಿಯಲ್ಲಿ ಅಚ್ಚು ಹಾಕಿಸಿತು. ಯಾರು ಬೇಕಾದರೂ ಅದಕ್ಕೆ ಭಾಗ ಮಾಡಬಹುದಾಯಿತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ತಂದು ಸ್ಕ್ರೂ ತೂತು ಎಲ್ಲಿರಬೇಕು ಎಂಬುದನ್ನೂ ಗೊತ್ತುಮಾಡಿತು. ಎಸ್.ಪಿ. ರೋಡಿನಂಥ ಬೀದಿ, ಅಲ್ಲಿ ಯಾರದೋ ಬೋರ್ಡಿಗೆ ಇನ್ಯಾರದೋ ಸಪ್ಲೈ ಕೂಡುವ ಸೌಭಾಗ್ಯ, ಇವೆಲ್ಲ ಆ ತೆರೆದ ಬಾಗಿಲಿನಿಂದ ಬಂದದ್ದು. ಕೆಲವು ಬ್ರ್ಯಾಂಡುಗಳು ರೆಡಿಮೇಡಿನಲ್ಲಿ ತಮ್ಮದೇ ಆಕಾರದ ಬೋರ್ಡು, ತಮ್ಮದೇ ಕನೆಕ್ಟರು ಹಾಕುತ್ತವೆ. ನಾಲ್ಕು ವರ್ಷದ ನಂತರ ಡಬ್ಬಿ ಸತ್ತರೆ ಊರಿನ ಅಂಗಡಿಯದು ಅದಕ್ಕೆ ಕೂರುವುದಿಲ್ಲ. ಇದನ್ನು ನಾನು ಸಣ್ಣ ತೊಂದರೆ ಎಂದು ಒಪ್ಪಲಾರೆ.

ಅಂಗಡಿಯವರಿಗೆ ಫೋನ್ ಮಾಡಿ ಎಸ್‌ಎಂಪಿಎಸ್ ಚೀಟಿಯ ಫೋಟೋ ತರಿಸಿಕೊಳ್ಳಲು ಹುಡುಗನಿಗೆ ಹೇಳಿದೆ. ಮೇಲೆ ದಪ್ಪಕ್ಷರದಲ್ಲಿ 450 ವ್ಯಾಟ್. ಕೆಳಗಿನ ಕೋಷ್ಟಕದಲ್ಲಿ 12 ವೋಲ್ಟಿನ ಎದುರು 20 ಆಂಪಿಯರ್, ಗುಣಿಸಿದರೆ 240 ವ್ಯಾಟ್. ಒಳಬರುವ ವೋಲ್ಟೇಜ್ 200–240. ಪ್ರೊಸೆಸರ್ ಗರಿಷ್ಠ 117, ಕಾರ್ಡು 115, ಕೂಡಿದರೆ 232. ಡಿಸ್ಕಿಗೂ ಫ್ಯಾನುಗಳಿಗೂ ಉಳಿದದ್ದು 8 ವ್ಯಾಟ್. ಬೋರ್ಡು ಮಾತ್ರ ಮಾಮೂಲಿ ಅಳತೆಯದು, ರ‍್ಯಾಮ್ 8ರ ಎರಡು ಕಡ್ಡಿ. ಬಿಡಿಯಾಗಿ ಕೊಂಡರೆ ಅದೇ ಭಾಗಗಳಿಗೆ ಹೆಚ್ಚೇ ಆಗುತ್ತಿತ್ತು. ವ್ಯತ್ಯಾಸದ ದುಡ್ಡು ಕೊಡುತ್ತೇವೆ, 100–240ರ 550 ವ್ಯಾಟಿನದು ಹಾಕಿ ವಾರಂಟಿ ಬರೆದುಕೊಡಿ ಎಂದು ಕೇಳಿಸಿದೆ. ಒಪ್ಪಿದರು.

ಮೊನ್ನೆ ಭರಣಿ ಮಳೆಯ ಮೊದಲ ಗುಡುಗಿಗೆ ಸಾಗರದಲ್ಲಿ ಕರೆಂಟ್ ಹೋಯಿತಂತೆ. ಹುಡುಗ ಫೋನಿನಲ್ಲಿ ಹೇಳಿದ: "ಯುಪಿಎಸ್ ಟಕ್ ಅಂತು ಮಾವ, ಆಟ ನಿಲ್ಲಲಿಲ್ಲ."