ಗದ್ದೆ ಬದುವಿನ ನವಿಲುಗರಿ

ಭಾದ್ರಪದದ ಹೊತ್ತಿಗೆ ಶಿರಸಿಯ ಸುತ್ತಮುತ್ತ ಗದ್ದೆಯ ಬದುವಿನ ಮೇಲೋ ಸೊಪ್ಪಿನ ಬೆಟ್ಟದ ಅಂಚಿನಲ್ಲೋ ಒಂದೊಂದು ನವಿಲುಗರಿ ಬಿದ್ದಿರುವುದುಂಟು. ಮಳೆಗಾಲದ ಕುಣಿತ ಮುಗಿಸಿದ ಗಂಡುನವಿಲು ಆಗ ಗರಿ ಉದುರಿಸುತ್ತದೆ. ಪುಸ್ತಕದೊಳಗಿಟ್ಟರೆ ಅದು ಮರಿ ಹಾಕುತ್ತದೆಂದು ನಂಬಿ ಕಾದವರಲ್ಲಿ ನಾನೂ ಒಬ್ಬ. ಈಚೆಗೆ ಸಿಕ್ಕ ಗರಿಯೊಂದನ್ನು ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು ನೋಡಿದರೆ ನೀಲಿ ಹಸಿರುಗಳೆಲ್ಲ ಅಡಗಿ ಮಂಕು ಕಂದುಬಣ್ಣವಷ್ಟೇ ಉಳಿಯಿತು.

ಗರಿಯಲ್ಲಿರುವ ವರ್ಣದ್ರವ್ಯ ನಮ್ಮ ಕೂದಲಿಗೂ ಬಣ್ಣ ಕೊಡುವ ಮೆಲನಿನ್. ಅದಕ್ಕೆ ಸ್ವಂತದ ನೀಲಿಯಿಲ್ಲ. ಆದರೆ ಗರಿಯ ಸಣ್ಣ ಎಳೆಗಳೊಳಗೆ ಮೆಲನಿನ್ ಕಡ್ಡಿಗಳು ಜಾಲರಿಯಂತೆ ಒಪ್ಪವಾಗಿ ಜೋಡಣೆಗೊಂಡಿದ್ದು, ಅವುಗಳ ನಡುವಿನ ಅಂತರ ಸುಮಾರು 140 ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವೇ ಒಂದು ನ್ಯಾನೊಮೀಟರ್) ಇದ್ದಲ್ಲಿ ಮರಳುವ ಬೆಳಕು ನೀಲಿಯಾಗಿಯೂ, 150ರ ಆಸುಪಾಸಿನಲ್ಲಿ ಹಸಿರಾಗಿಯೂ ಕಣ್ಣಿಗೆ ಬೀಳುತ್ತದೆ. ಮೃಗಾಲಯದ ಬಿಳಿ ನವಿಲನ್ನು ಬೇರೆ ಪ್ರಭೇದವೆಂದು ತಿಳಿಯುವವರಿದ್ದಾರೆ. ಅದು ಗರಿಗೆ ಮೆಲನಿನ್ ಸೇರದೆ ಹೋದ ನಮ್ಮ ನೀಲಿ ನವಿಲೇ. ಅಂದಹಾಗೆ, ಕಣ್ಣುಗಳುಳ್ಳ ಈ ಉದ್ದ ಗರಿಗಳು ಬಾಲದವಲ್ಲ, ಬಾಲದ ಬುಡವನ್ನು ಮುಚ್ಚುವ ಬೆನ್ನಿನ ಗರಿಗಳು. ನಿಜವಾದ ಬಾಲ ಗಿಡ್ಡವಾಗಿದ್ದು, ಹಿಂದಿನಿಂದ ಅವಕ್ಕೆ ಊರೆ ಕೊಡುತ್ತದೆ.

ಮ್ಯಾನ್ಮಾರ್‌ನಿಂದ ಜಾವಾದವರೆಗೆ ಅಲ್ಲಲ್ಲಿ ಉಳಿದಿರುವ ಇನ್ನೊಂದು ಪ್ರಭೇದ ಹಸಿರು ನವಿಲು. ಅದರದು ನಮ್ಮ ನವಿಲಿನ ಬೀಸಣಿಗೆಯಂಥ ಜುಟ್ಟಲ್ಲ, ನೆಟ್ಟಗೆ ನಿಂತ ಈಟಿಯಂಥದು. ಅದರ ಹೆಣ್ಣೂ ಹೆಚ್ಚುಕಡಿಮೆ ಗಂಡಿನಷ್ಟೇ ಮಿನುಗುತ್ತದೆ; ಉದ್ದ ಗರಿಗಳಿಲ್ಲ, ಅಷ್ಟೇ. ಈ ಪ್ರಭೇದ ಈಗ ಅಳಿವಿನಂಚಿನಲ್ಲಿದೆ.

ಮೂರನೆಯ ಪ್ರಭೇದವಾದ ಕಾಂಗೋ ನವಿಲಿನ ಸುಳಿವು ದೊರೆತದ್ದೂ ಒಂದು ಗರಿಯಿಂದಲೇ. 1913ರಲ್ಲಿ ಕಾಂಗೋದ ಇಟೂರಿ ಕಾಡಿನ ಜನರ ಶಿರೋಭೂಷಣದಲ್ಲಿದ್ದ ಪಟ್ಟೆಪಟ್ಟೆಯ ಗರಿಯೊಂದು ಅಮೆರಿಕದ ಪಕ್ಷಿತಜ್ಞ ಜೇಮ್ಸ್ ಚಾಪಿನ್ ಅವರ ಕಣ್ಣಿಗೆ ಬಿತ್ತು. ಅದು ಯಾವ ಹಕ್ಕಿಯದೆಂದು ಅವರಿಗೆ ಬಗೆಹರಿಯಲಿಲ್ಲ. 1936ರಲ್ಲಿ ಬೆಲ್ಜಿಯಂನ ಟೆರ್ವುರೆನ್ ವಸ್ತುಸಂಗ್ರಹಾಲಯದಲ್ಲಿ, ಮೂಲೆಗೆ ಸರಿಸಿದ್ದ ಎರಡು ತುಂಬಿಸಿಟ್ಟ ಹಕ್ಕಿಗಳನ್ನು ಕಂಡಾಗಲೇ ಗಂಟು ಬಿಚ್ಚಿದ್ದು. ಆಫ್ರಿಕದಲ್ಲಿ ನವಿಲಿರಬಹುದೆಂದು ಯಾರೂ ಎಣಿಸದಿದ್ದುದರಿಂದ ಅವುಗಳ ಚೀಟಿಯ ಮೇಲೆ ಎಳೆಯ ಭಾರತೀಯ ನವಿಲೆಂದು ಬರೆದಿತ್ತು. ಕಾಂಗೋ ನವಿಲಿನ ಗಂಡಿಗೂ ಹರಡಿ ಕುಣಿಯುವಂಥ ಉದ್ದ ಗರಿಗಳಿಲ್ಲ, ಹಾಗಾಗಿ ಆ ತಪ್ಪನ್ನು ಕ್ಷಮಿಸಬಹುದು. ಚಾಪಿನ್ ಇಪ್ಪತ್ತಮೂರು ವರ್ಷ ಜೋಪಾನವಾಗಿಟ್ಟಿದ್ದ ಗರಿ ಹೊಂದಿದ್ದು ಆ ಎರಡರಲ್ಲಿ ಕಂದುಮೈಯ ಹೆಣ್ಣಿನ ರೆಕ್ಕೆಗೆ.