ಚುನಾವಣಾ ಅಕ್ರಮಕ್ಕೆ ಮೊಕದ್ದಮೆ ಹೂಡುವ ಅಧಿಕಾರ ಯಾರದು: ಟೆಕ್ಸಾಸ್‌ ವಿವಾದದ ಹಿನ್ನೆಲೆ

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಚುನಾವಣಾ ಅಪರಾಧಗಳ ಮೊಕದ್ದಮೆಯನ್ನು ರಾಜ್ಯದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್ ಹೂಡಬೇಕೋ, ಆಯಾ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಅಭಿಯೋಜಕರಾದ ಜಿಲ್ಲಾ ಅಟಾರ್ನಿ ಹೂಡಬೇಕೋ ಎಂಬ ಜಗಳ ಬಿಸಿಯೇರಿದ್ದು ಒಂದು ದೇಣಿಗೆ ಲೆಕ್ಕದಿಂದ. 2016ರಲ್ಲಿ ಜೆಫರ್ಸನ್ ಕೌಂಟಿಯ ಶೆರಿಫ್ (ಚುನಾಯಿತ ಪೊಲೀಸ್ ಮುಖ್ಯಸ್ಥೆ) ಆಗಿ ಗೆದ್ದ ಝೀನಾ ಸ್ಟೀಫನ್ಸ್ ಅವರು ನಿಗದಿತ 100 ಡಾಲರ್ ಮೀರಿ ನಗದು ದೇಣಿಗೆ ಪಡೆದರೆಂದೂ, 5,000 ಡಾಲರ್‌ಗಳ ದೇಣಿಗೆಯನ್ನು 50 ಡಾಲರ್ ಅಥವಾ ಅದಕ್ಕೂ ಕಡಿಮೆ ಮೊತ್ತಗಳ ಕಲಮಿನಲ್ಲಿ ತೋರಿಸಿದರೆಂದೂ ಆರೋಪವಿತ್ತು. ಅಲ್ಲಿನ ಜಿಲ್ಲಾ ಅಟಾರ್ನಿ ಮೊಕದ್ದಮೆಗೆ ಒಪ್ಪದಿದ್ದಾಗ ತನಿಖೆ ನಡೆಸಿದ್ದ ರಾಜ್ಯ ಪೊಲೀಸ್ ವಿಭಾಗದ ಟೆಕ್ಸಾಸ್ ರೇಂಜರ್‌ಗಳು ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್ ಅವರ ಕಚೇರಿಯ ಬಾಗಿಲು ತಟ್ಟಿದರು. ಆ ಕಚೇರಿ 2018ರಲ್ಲಿ ಪಕ್ಕದ ಚೇಂಬರ್ಸ್ ಕೌಂಟಿಯ ಗ್ರ್ಯಾಂಡ್ ಜೂರಿಯಿಂದ (ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಸ್ಟೀಫನ್ಸ್ ವಿರುದ್ಧ ದೋಷಾರೋಪ ಪಡೆಯಿತು. ಇಂಥ ಪ್ರಕರಣಗಳನ್ನು ನೆರೆಯ ಕೌಂಟಿಯಲ್ಲಿ ನಡೆಸಲು ಚುನಾವಣಾ ಸಂಹಿತೆಯೇ ಅವಕಾಶ ಕೊಟ್ಟಿತ್ತು.

ಸರ್ಕಾರಿ ಅಭಿಯೋಜಕರನ್ನು ರಾಜ್ಯ ಸರ್ಕಾರವೇ ನೇಮಿಸುವ ಪದ್ಧತಿಯಲ್ಲಿ ಬೆಳೆದ ನಮಗೆ ಇದರಲ್ಲಿ ತಕರಾರೇನಿದೆ ಎನ್ನಿಸಬಹುದು. ಉತ್ತರವಿರುವುದು 1876ರ ಟೆಕ್ಸಾಸ್ ಸಂವಿಧಾನದಲ್ಲಿ. ಅಂತರ್ಯುದ್ಧದ ನಂತರ ಗವರ್ನರ್ ಎಡ್ಮಂಡ್ ಡೇವಿಸ್ ಕೈಯಲ್ಲಿ ಅಧಿಕಾರ ಒಟ್ಟುಗೂಡಿದ್ದನ್ನು ಕಂಡು ರೋಸಿಹೋಗಿದ್ದವರು ಅದನ್ನು ಬರೆದರು. ರಾಜಧಾನಿಯ ಕೈ ಕಟ್ಟುವುದೇ ಅವರ ಉದ್ದೇಶವಾಗಿತ್ತು. ಅವರು ಅಟಾರ್ನಿ ಜನರಲ್ ಹುದ್ದೆಯನ್ನು ಕಾರ್ಯಾಂಗದ ವಿಧಿಯಲ್ಲಿಟ್ಟು, ಮತದಾರರೇ ಆರಿಸುವ ಕೌಂಟಿ ಮತ್ತು ಜಿಲ್ಲಾ ಅಟಾರ್ನಿಗಳನ್ನು ನ್ಯಾಯಾಂಗದ ವಿಧಿಯಲ್ಲಿಟ್ಟರು. ಹೀಗಿದ್ದೂ ಶಾಸನಸಭೆ ಚುನಾವಣಾ ಸಂಹಿತೆಯ 273.021ನೇ ಸೆಕ್ಷನ್ನಿನ ಮೂಲಕ, ಸ್ಥಳೀಯರ ಒಪ್ಪಿಗೆ ಇಲ್ಲದೆಯೂ ಚುನಾವಣಾ ಮೊಕದ್ದಮೆ ಹೂಡುವ ಅಧಿಕಾರವನ್ನು ಅಟಾರ್ನಿ ಜನರಲ್‌ಗೆ ಕೊಟ್ಟಿತ್ತು.

ಕ್ರಿಮಿನಲ್ ವಿಷಯಗಳಲ್ಲಿ ಅಲ್ಲಿನ ಅತ್ಯುನ್ನತ ಪೀಠವಾದ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ 2021ರ ಡಿಸೆಂಬರ್ 15ರಂದು 8-1ರ ಬಹುಮತದಿಂದ ಈ ಸೆಕ್ಷನ್ ಅಸಾಂವಿಧಾನಿಕ ಎಂದಿತು. ಕಾನೂನು ವಿಧಿಸುವ 'ಇತರ ಕರ್ತವ್ಯ'ಗಳನ್ನೂ ಅಟಾರ್ನಿ ಜನರಲ್ ಮಾಡಬೇಕೆಂದು ಸಂವಿಧಾನವೇ ಹೇಳುತ್ತದಲ್ಲ ಎಂಬುದು ರಾಜ್ಯದ ವಾದ. ಆ ಇತರ ಕರ್ತವ್ಯಗಳೂ ಕಾರ್ಯಾಂಗಕ್ಕೆ ಸೇರಿದವೇ ಆಗಿರಬೇಕು, ನ್ಯಾಯಾಂಗಕ್ಕೆ ಒಪ್ಪಿಸಿದ ಕೆಲಸವನ್ನು ಶಾಸನಸಭೆ ಎತ್ತಿ ಅವರಿಗೆ ಕೊಡಲಾಗದು ಎಂಬುದು ನ್ಯಾಯಾಲಯದ ಉತ್ತರ. ಸ್ಥಳೀಯ ಅಟಾರ್ನಿ ಕರೆದರೆ ನೆರವಾಗಲು ಮಾತ್ರ ಅಡ್ಡಿಯಿರಲಿಲ್ಲ. ಒಂಬತ್ತೂ ನ್ಯಾಯಾಧೀಶರು ಪ್ಯಾಕ್ಸ್‌ಟನ್ ಅವರ ರಿಪಬ್ಲಿಕನ್ ಪಕ್ಷದವರೇ ಆಗಿದ್ದರಿಂದ ಇದನ್ನು ಬರೀ ಪಕ್ಷ ರಾಜಕೀಯವೆಂದು ತಳ್ಳಿಹಾಕುವಂತಿರಲಿಲ್ಲ. ಸ್ಟೀಫನ್ಸ್ ಮೇಲಿನ ಆರೋಪ ನಿಜವೋ ಸುಳ್ಳೋ ಎಂಬುದು ಮಾತ್ರ ವಿಚಾರಣೆಗೆ ಬರಲೇ ಇಲ್ಲ.

ತೀರ್ಪಿನ ಬಿಸಿ ಬೇರೆ ಪ್ರಕರಣಗಳಿಗೂ ತಟ್ಟಿತು. 2020ರ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ) ಆರು ಗಂಟೆಗೂ ಹೆಚ್ಚು ಕಾಲ ಸಾಲಿನಲ್ಲಿ ನಿಂತು ಮತ ಹಾಕಿದ್ದ ಹ್ಯೂಸ್ಟನ್ನಿನ ಮತದಾರರೊಬ್ಬರು ಆಗ ಮತದಾನದ ಹಕ್ಕಿಲ್ಲದ ಪೆರೋಲ್ ಅವಧಿಯಲ್ಲಿದ್ದರೆಂಬ ಕಾರಣಕ್ಕೆ 2021ರಲ್ಲಿ ಬಂಧಿತರಾಗಿದ್ದರು. ಅವರ ಊರು ಹ್ಯಾರಿಸ್ ಕೌಂಟಿಯಲ್ಲಿದ್ದರೂ ದೋಷಾರೋಪ ಹೊರಬಿದ್ದದ್ದು ನೆರೆಯ ಮಾಂಟ್ಗೊಮರಿ ಕೌಂಟಿಯಲ್ಲಿ. ಜಾಮೀನು ಮೊತ್ತ 1,00,000 ಡಾಲರ್. 2022ರ ಅಕ್ಟೋಬರ್‌ನಲ್ಲಿ ಆ ಪ್ರಕರಣ ವಜಾ ಆಯಿತು. ಸ್ಥಳೀಯ ಅಟಾರ್ನಿ ಕಣ್ಮುಚ್ಚಿ ಕುಳಿತರೆ ಗತಿಯೇನು ಎಂಬ ಪ್ಯಾಕ್ಸ್‌ಟನ್ ಅವರ ಪ್ರಶ್ನೆ ಅಲ್ಲಗಳೆಯುವಂಥದ್ದಲ್ಲ. ಆದರೆ ಆರೋಪಿಯ ಊರನ್ನು ಬಿಟ್ಟು ಪಕ್ಕದ ಊರಿನ ಜೂರಿಯನ್ನು ಆರಿಸಿಕೊಳ್ಳುವ ಅನುಕೂಲವೂ ಆ ವ್ಯವಸ್ಥೆಯಲ್ಲಿ ಸೇರಿತ್ತು.

2022ರ ಸೆಪ್ಟೆಂಬರ್‌ನಲ್ಲಿ ಮರುಪರಿಶೀಲನೆಯ ಕೋರಿಕೆಯೂ ತಿರಸ್ಕೃತವಾದ ಮೇಲೆ ಪ್ಯಾಕ್ಸ್‌ಟನ್, ಆ ನ್ಯಾಯಾಧೀಶರನ್ನೂ ಆರಿಸುವ ಮತದಾರರತ್ತ ತಿರುಗಿದರು. 2024ರ ಮಾರ್ಚ್ ಪ್ರೈಮರಿಯಲ್ಲಿ ತೀರ್ಪಿನಲ್ಲಿ ಬಹುಮತದ ಜೊತೆಗಿದ್ದ ನ್ಯಾಯಾಧೀಶರಾದ ಶೆರನ್ ಕೆಲ್ಲರ್, ಬಾರ್ಬರಾ ಹರ್ವಿ, ಮಿಶೆಲ್ ಸ್ಲಾಟರ್ ಈ ಮೂವರೂ ಅವರು ಬೆಂಬಲಿಸಿದ ಅಭ್ಯರ್ಥಿಗಳೆದುರು ಸೋತರು. 2025ರ ಜುಲೈನಲ್ಲಿ ಗವರ್ನರ್ ಗ್ರೆಗ್ ಅಬಟ್ ಶಾಸನಸಭೆಯ ವಿಶೇಷ ಅಧಿವೇಶನದ ಕಾರ್ಯಸೂಚಿಗೆ ಅಟಾರ್ನಿ ಜನರಲ್‌ಗೆ ಈ ಅಧಿಕಾರ ಕೊಡುವ ಸಂವಿಧಾನ ತಿದ್ದುಪಡಿಯನ್ನು ಸೇರಿಸಿದರು. ತಿದ್ದುಪಡಿ ಮತದಾರರ ಮುಂದೆ ಹೋಗಬೇಕಾದರೆ 150 ಸದಸ್ಯರ ಕೆಳಮನೆಯಲ್ಲಿ 100, 31 ಸದಸ್ಯರ ಸೆನೆಟ್‌ನಲ್ಲಿ 21 ಮತಗಳು ಬೇಕು. 2025ರ ಅಧಿವೇಶನದ ಆರಂಭದಲ್ಲಿ ರಿಪಬ್ಲಿಕನ್ನರ ಬಲ ಕ್ರಮವಾಗಿ 88 ಮತ್ತು 20 ಇತ್ತು.